ವಾಲೆಟ್ ಲೆಕ್ಕ ಶೀಟಿಗೆ ಇಳಿಸುವಾಗ: ಕೊನೆಯ ಸತೋಶಿವರೆಗೂ ತಾಳೆ ಆಗಬೇಕು

ಪ್ರಶ್ನೆ: ಸರ್, ಶಿವಮೊಗ್ಗದ ನಮ್ಮ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಮೇಲೆ ಬಿಟ್‌ಕಾಯಿನ್ ಕೋರ್ ಎಂಬ ವಾಲೆಟ್ ತಂತ್ರಾಂಶ ಓಡಿಸುತ್ತಿದ್ದೇನೆ. ಅದಕ್ಕೆ ಪರದೆ ಇಲ್ಲ, ಟರ್ಮಿನಲ್ ಮಾತ್ರ. ಐದಾರು ವರ್ಷದಲ್ಲಿ ಮುನ್ನೂರಕ್ಕೂ ಜಾಸ್ತಿ ವ್ಯವಹಾರ ಆಗಿದೆ. ನಮ್ಮ ಸಿಎ ಎಲ್ಲವನ್ನೂ ಎಕ್ಸೆಲ್‌ನಲ್ಲಿ ಕೇಳುತ್ತಿದ್ದಾರೆ. ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ, ಹತ್ತೇ ಸಾಲು ಬಂತು. ತಾರೀಖಿನ ಜಾಗದಲ್ಲಿ ಹತ್ತಂಕಿಯ ಒಂದು ಸಂಖ್ಯೆ, ಮೊತ್ತದ ಜಾಗದಲ್ಲಿ '1ಇ-05' ಅಂತ ಏನೋ. ಕನ್ನಡದಲ್ಲಿ ಬರೆದ ಲೇಬಲ್‌ಗಳೆಲ್ಲ ಎಕ್ಸೆಲ್‌ನಲ್ಲಿ ಓದಲಾಗದ ಅಕ್ಷರ ಆಗಿವೆ. ನೆಟ್‌ನಲ್ಲಿ ಸಿಕ್ಕ ಇನ್ನೊಂದು ಸ್ಕ್ರಿಪ್ಟ್ ಖಾಸಗಿ ಕೀ ಕೇಳುತ್ತಿದೆ. ಕೊಡಬಹುದಾ? ನನ್ನ ತಂಗಿಯ ಬಳಿ ಈಥರ್ ಎಂಬ ಬೇರೆ ಕ್ರಿಪ್ಟೋ ನಾಣ್ಯ ಇದೆ. ಇದೇ ಸ್ಕ್ರಿಪ್ಟ್ ಅವಳಿಗೂ ಆಗುತ್ತಾ?

ಉತ್ತರ: ಮೊದಲು ಖಾಸಗಿ ಕೀ ವಿಷಯ ಮುಗಿಸಿಬಿಡೋಣ. ಕೊಡಬೇಡಿ. ಆ ಸ್ಕ್ರಿಪ್ಟ್ ಅಳಿಸಿ. ಕೀ ಬೇಕಾಗುವುದು ಹಣ ಕಳಿಸುವಾಗ ಸಹಿ ಹಾಕಲು ಮಾತ್ರ. ಹಳೆಯ ಲೆಕ್ಕ ಓದಲು ಯಾವ ಕೀಯೂ ಬೇಡ. ನಿಮ್ಮ ವಾಲೆಟ್‌ಗೆ ಪಾಸ್‌ಫ್ರೇಸ್ ಹಾಕಿದ್ದರೆ ಅದನ್ನೂ ಬಿಚ್ಚಬೇಕಾಗಿಲ್ಲ. ಬೀಗ ಹಾಕಿದ್ದಂತೆಯೇ ಬಿಟ್‌ಕಾಯಿನ್ ಕೋರ್ ವ್ಯವಹಾರಗಳ ಪಟ್ಟಿ ಕೊಡುತ್ತದೆ. ಪಟ್ಟಿ ಮಾಡಲು ಕೀ, ಪಾಸ್‌ಫ್ರೇಸ್ ಅಥವಾ ವಾಲೆಟ್ ಮರಳಿ ಪಡೆಯಲು ಬರೆದಿಡುವ ಹನ್ನೆರಡು ಪದ ಕೇಳುವ ಯಾವುದೇ ಪ್ರೋಗ್ರಾಂ ಆಗಲಿ, ಅಲ್ಲಿಗೇ ನಿಲ್ಲಿಸಿ. ಈಗಾಗಲೇ ಕೊಟ್ಟುಬಿಟ್ಟಿದ್ದರೆ ಇದನ್ನು ಓದುವುದು ಆಮೇಲೆ. ಈಗಲೇ ಹೊಸ ವಾಲೆಟ್ ಮಾಡಿ, ಇರುವ ಹಣವನ್ನೆಲ್ಲ ಅಲ್ಲಿಗೆ ಸಾಗಿಸಿ.

ನೀವೇ ಸ್ಕ್ರಿಪ್ಟ್ ಬರೆದದ್ದು ನನಗೆ ತುಂಬಾ ಹಿಡಿಸಿತು. ಬೇರೆ ಲೈಬ್ರರಿ ಯಾವುದನ್ನೂ ಇಳಿಸಿಕೊಳ್ಳಬೇಡಿ. ಈ ಕೆಲಸಕ್ಕೆ ಬೇಕಾದ ಜೇಸನ್, ಸಿಎಸ್‌ವಿ, ಡೆಸಿಮಲ್, ಸಬ್‌ಪ್ರೋಸೆಸ್ ನಾಲ್ಕೂ ಪೈಥಾನ್ ಜೊತೆಗೇ ಬರುತ್ತವೆ. ಹಣ ಇರುವ ಯಂತ್ರದ ಮೇಲೆ ಗೊತ್ತಿಲ್ಲದವರ ಕೋಡ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಮುಂದೆ ಬರುವ ಆಜ್ಞೆಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಹೆಸರಿನ ನಡುವೆ ಜಾಗ ಬಿಡದೆ ಬರೆಯಿರಿ.

ಹತ್ತೇ ಸಾಲು ಬಂದದ್ದು ನಿಮ್ಮ ತಪ್ಪಲ್ಲ. 'ಲಿಸ್ಟ್‌ಟ್ರಾನ್ಸಾಕ್ಷನ್ಸ್' ಎಂಬ ಆಜ್ಞೆ, ಸಂಖ್ಯೆ ಹೇಳದಿದ್ದರೆ, ಕೊನೆಯ 10 ಮಾತ್ರ ಕೊಡುತ್ತದೆ. ಅದಕ್ಕೆ ದೊಡ್ಡ ಸಂಖ್ಯೆ ಕೊಟ್ಟು ಕೇಳಬಹುದು. ಆದರೆ ನಾನು ಬಳಸುವುದು 'ಲಿಸ್ಟ್‌ಸಿನ್ಸ್‌ಬ್ಲಾಕ್'. ಬ್ಲಾಕ್ ಅಂದರೆ ಬಿಟ್‌ಕಾಯಿನ್ ಜಾಲ ವ್ಯವಹಾರಗಳನ್ನು ಕಟ್ಟಿಡುವ ಕಂತೆ. ಹೆಸರು ಕೇಳಿದರೆ ಯಾವುದೋ ಬ್ಲಾಕ್‌ನಿಂದ ಈಚೆಗೆ ಅನ್ನಿಸುತ್ತದೆ, ಅಲ್ವಾ? ಯಾವ ಬ್ಲಾಕ್ ಎಂದು ಹೇಳದೆ ಬರೀ ಆಜ್ಞೆ ಕೊಟ್ಟರೆ ವಾಲೆಟ್ ಹುಟ್ಟಿದಾಗಿನಿಂದ ಇರುವ ಎಲ್ಲವನ್ನೂ ಕೊಡುತ್ತದೆ. ಎಣಿಕೆಯ ಗೊಡವೆಯೇ ಇಲ್ಲ. ಪೈ ಮೇಲೆ ಒಂದಕ್ಕಿಂತ ಜಾಸ್ತಿ ವಾಲೆಟ್ ತೆರೆದಿದ್ದರೆ 'ಆರ್‌ಪಿಸಿವಾಲೆಟ್' ಎಂಬ ಆಯ್ಕೆಯಲ್ಲಿ ಯಾವುದು ಎಂದು ಹೇಳಿ. ಇಲ್ಲದಿದ್ದರೆ ದೂರು ಹೇಳಿ ನಿಂತುಬಿಡುತ್ತದೆ. ಸ್ಕ್ರಿಪ್ಟ್ ಅನ್ನು ಅದೇ ಪೈ ಮೇಲೆ, ನೋಡ್, ಅಂದರೆ ಬಿಟ್‌ಕಾಯಿನ್ ಕೋರ್, ಓಡುತ್ತಿರುವ ಅದೇ ಬಳಕೆದಾರನ ಹೆಸರಿನಲ್ಲಿ ಓಡಿಸಿ. ಲ್ಯಾಪ್‌ಟಾಪ್‌ನಿಂದ ಓಡಿಸುವ ಆಸೆಗೆ, ನೋಡ್ ಆಜ್ಞೆ ಪಡೆಯುವ 8332ನೇ ಪೋರ್ಟನ್ನು ಹೊರಗೆ ತೆರೆಯಬೇಡಿ. ಒಳಗೆ ಹೋಗಿ ಓಡಿಸಿ, ಬಂದ ಫೈಲನ್ನು ಮಾತ್ರ ಹೊರಗೆ ತನ್ನಿ.

ಬಿಟ್‌ಕಾಯಿನ್ ಕೋರ್‌ನ ಪರದೆಯ ಆವೃತ್ತಿಯಲ್ಲಿ ವ್ಯವಹಾರಗಳನ್ನು ಫೈಲ್‌ಗೆ ಇಳಿಸುವ ಬಟನ್ ಇದೆ. ವರ್ಷಕ್ಕೆ ಐದಾರು ವ್ಯವಹಾರ ಇರುವವರಿಗೆ ಅಷ್ಟೇ ಸಾಕು. ಆದರೆ ಅದರಲ್ಲಿ ನೆಟ್‌ವರ್ಕ್ ಶುಲ್ಕಕ್ಕೆ ಬೇರೆ ಕಾಲಂ ಇಲ್ಲ, ಕಳಿಸಿದ ಮೊತ್ತದೊಳಗೇ ಸೇರಿಹೋಗಿರುತ್ತದೆ. ನಿಮ್ಮಷ್ಟು ಸಾಲು ಇರುವವರಿಗೆ ಸ್ಕ್ರಿಪ್ಟೇ ಸರಿ.

ಇನ್ನು ಅಸಲು ವಿಷಯ. ಸಾಲುಗಳನ್ನು ಇಳಿಸುವುದು ಅರ್ಧ ಗಂಟೆಯ ಕೆಲಸ. ಇಳಿದ ಸಾಲುಗಳು ನಿಜವೇ ಎಂದು ನೋಡುವುದೇ ಕೆಲಸ. ಹಳೆಯ ಅಂಗಡಿಗಳಲ್ಲಿ ಕಿರ್ದಿ ಬರೆಯುತ್ತಿದ್ದವರು ದಿನದ ಕೊನೆಗೆ ಗಲ್ಲಾಪೆಟ್ಟಿಗೆ ಎಣಿಸುತ್ತಿದ್ದರು. ಆರಂಭದ ಶಿಲ್ಕು, ಅದಕ್ಕೆ ಜಮಾ ಕೂಡಿ, ಖರ್ಚು ಕಳೆದರೆ ಆಖೈರು ಶಿಲ್ಕು. ಪೆಟ್ಟಿಗೆಯಲ್ಲಿರುವ ದುಡ್ಡಿಗೂ ಪುಸ್ತಕಕ್ಕೂ ನಾಲ್ಕಾಣೆ ವ್ಯತ್ಯಾಸ ಬಂದರೂ ಹುಡುಕುತ್ತಿದ್ದರು. ನಿಮ್ಮ ಶೀಟಿಗೂ ಅದೇ ನಿಯಮ. ಎಲ್ಲ ಸಾಲುಗಳ ಮೊತ್ತ, ವಾಲೆಟ್‌ನಲ್ಲಿ ಈಗ ಎಷ್ಟಿದೆ ಎಂದು 'ಗೆಟ್‌ಬ್ಯಾಲೆನ್ಸ್' ಆಜ್ಞೆ ಕೊಡುವ ಅಂಕಿಗೆ ಕೊನೆಯ ಸತೋಶಿವರೆಗೂ ತಾಳೆ ಆಗಬೇಕು. ಸತೋಶಿ ಅಂದರೆ ಒಂದು ಬಿಟ್‌ಕಾಯಿನ್‌ನ ಹತ್ತು ಕೋಟಿ ಪಾಲಿನಲ್ಲಿ ಒಂದು. ಸುಮಾರಾಗಿ ಸರಿ ಇದೆ ಅನ್ನುವ ಮಾತು ಇಲ್ಲಿ ನಡೆಯದು. ಬ್ಲಾಕ್‌ಚೈನ್‌ನಲ್ಲಿ ಪೈಸೆ ಕಳೆದುಹೋಗುವುದಿಲ್ಲ. ವ್ಯತ್ಯಾಸ ಬಂದರೆ ಶೀಟು ತಪ್ಪು ಎಂದೇ ಅರ್ಥ.

ತಾಳೆ ಕೆಡಿಸುವ ಮೊದಲ ಕಳ್ಳ ಶುಲ್ಕ. ನೀವು ಒಂದೇ ವ್ಯವಹಾರದಲ್ಲಿ ಇಬ್ಬರಿಗೆ ಹಣ ಕಳಿಸಿದ್ದೀರಿ ಅನ್ನಿ. ಒಬ್ಬರಿಗೆ 2,00,000 ಸತೋಶಿ, ಇನ್ನೊಬ್ಬರಿಗೆ 3,00,000. ಶುಲ್ಕ 1,500. ವಾಲೆಟ್‌ನಿಂದ ನಿಜವಾಗಿ ಹೋದದ್ದು 5,01,500. ಪಟ್ಟಿಯಲ್ಲಿ ಇದು ಎರಡು ಸಾಲಾಗಿ ಬರುತ್ತದೆ. ಎರಡೂ ಸಾಲಿನಲ್ಲಿ ಪೂರ್ತಿ 1,500 ಶುಲ್ಕ ಎಂದೇ ಬರೆದಿರುತ್ತದೆ. ಶುಲ್ಕದ ಕಾಲಂ ಸುಮ್ನೆ ಕೂಡಿದರೆ 3,000 ಆಗುತ್ತದೆ. ಹತ್ತು ಜನರಿಗೆ ಒಟ್ಟಿಗೆ ಕಳಿಸಿದ್ದರೆ ಹತ್ತು ಪಟ್ಟು. ಇದಕ್ಕೆ ನಾನು ಮಾಡುವುದು ಇಷ್ಟೇ. ಶುಲ್ಕವನ್ನು ಕಾಲಂ ಆಗಿ ಇಡುವುದಿಲ್ಲ, ಬೇರೆ ಸಾಲಾಗಿ ಬರೆಯುತ್ತೇನೆ. ಪ್ರತಿ ವ್ಯವಹಾರ ಸಂಖ್ಯೆಗೆ, ಅಂದರೆ ಟಿಎಕ್ಸ್‌ಐಡಿಗೆ, ಒಂದೇ ಸಲ. ಬರೆದಾದ ಟಿಎಕ್ಸ್‌ಐಡಿಗಳನ್ನು ಸ್ಕ್ರಿಪ್ಟ್ ಒಂದು ಸೆಟ್‌ನಲ್ಲಿ ನೆನಪಿಟ್ಟುಕೊಂಡರೆ ಆಯಿತು. ಕಳಿಸಿದ ಮೊತ್ತವೂ ಶುಲ್ಕವೂ ಪಟ್ಟಿಯಲ್ಲಿ ಮೈನಸ್ ಚಿಹ್ನೆಯೊಂದಿಗೇ ಬರುತ್ತವೆ. ಹಾಗಾಗಿ ಒಂದೇ ಕಾಲಂ ಕೂಡಿದರೆ ಶಿಲ್ಕು ಸಿಗುತ್ತದೆ.

ಎರಡನೆಯದು ನನ್ನನ್ನೇ ಒಂದು ಇಡೀ ಸಂಜೆ ಕೂರಿಸಿತ್ತು. ಶೀಟು ವಾಲೆಟ್‌ಗಿಂತ 4,21,130 ಸತೋಶಿ ಕಡಿಮೆ ತೋರಿಸುತ್ತಿತ್ತು. ಶುಲ್ಕ ನೋಡಿದೆ, ತಾರೀಖು ನೋಡಿದೆ, ಸಾಲು ಎಣಿಸಿದೆ. ಕೊನೆಗೆ ನೆನಪಾಯಿತು. ಒಂದು ಪಾವತಿ ತಡವಾಗುತ್ತಿದೆ ಎಂದು 'ಬಂಪ್‌ಫೀ' ಆಜ್ಞೆಯಿಂದ ಶುಲ್ಕ ಏರಿಸಿದ್ದೆ. ಹಾಗೆ ಮಾಡಿದಾಗ ಹಳೆಯ ವ್ಯವಹಾರದ ಜಾಗಕ್ಕೆ ಹೊಸದು ಬರುತ್ತದೆ. ಆದರೆ ವಾಲೆಟ್ ಹಳೆಯದನ್ನು ಮರೆಯುವುದಿಲ್ಲ. ಅದೂ ಪಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಒಂದೇ ಪಾವತಿ ನನ್ನ ಶೀಟಿನಲ್ಲಿ ಎರಡು ಸಲ ಕೂತಿತ್ತು: 4,20,000 ಪಾವತಿ, 1,130 ಹಳೆಯ ಶುಲ್ಕ. ಹೊಸದು ಬ್ಲಾಕ್ ಸೇರಿದ ಮೇಲೆ ಹಳೆಯದರ ಕನ್ಫರ್ಮೇಶನ್ ಸಂಖ್ಯೆ, ಅಂದರೆ ವ್ಯವಹಾರ ಸೇರಿದ ಬ್ಲಾಕ್‌ನಿಂದ ಹಿಡಿದು ಎಷ್ಟು ಬ್ಲಾಕ್ ಆಗಿವೆ ಎಂಬ ಎಣಿಕೆ, ಮೈನಸ್ ಆಗುತ್ತದೆ. ಅದೇ ಗುರುತು. ಕನ್ಫರ್ಮೇಶನ್ ಒಂದಕ್ಕಿಂತ ಕಡಿಮೆ ಇರುವ ಸಾಲನ್ನು ಶೀಟಿಗೆ ಸೇರಿಸಬೇಡಿ ಎಂದು ಸ್ಕ್ರಿಪ್ಟ್‌ಗೆ ಹೇಳಿ. ಸೊನ್ನೆ ಇರುವವು ಇನ್ನೂ ಬ್ಲಾಕ್ ಸೇರದವು. ಅಂಥದ್ದು ಒಂದೂ ಬಾಕಿ ಇಲ್ಲದ ದಿನ ನೋಡಿ ತಾಳೆಗೆ ಕೂರುವುದು ಸಲೀಸು.

ಆ ಸಂಜೆಯಿಂದ ಒಂದು ಅಭ್ಯಾಸ ಬಂತು. ವ್ಯತ್ಯಾಸದ ಅಂಕಿಯನ್ನೇ ಮೊದಲು ಶೀಟಿನಲ್ಲಿ ಹುಡುಕುತ್ತೇನೆ. ಅದು ಯಾವುದೋ ಶುಲ್ಕಕ್ಕೆ ಸಮ ಇದ್ದರೆ, ಆ ಶುಲ್ಕ ಎರಡು ಸಲ ಬಿದ್ದಿದೆ. ಒಂದು ಪಾವತಿ ಮತ್ತು ಅದರ ಶುಲ್ಕ ಎರಡೂ ಸೇರಿ ಸಮ ಆದರೆ, ಬದಲಾದ ಹಳೆಯ ವ್ಯವಹಾರ ಒಳಗೆ ನುಸುಳಿದೆ. ವ್ಯತ್ಯಾಸ ದೊಡ್ಡದಿದ್ದು ಯಾವುದಕ್ಕೂ ಹೊಂದದಿದ್ದರೆ ಸಾಲುಗಳೇ ಬಿಟ್ಟುಹೋಗಿವೆ, ನಿಮ್ಮ ಹತ್ತರ ಹಾಗೆ. ಒಂದೆರಡು ಸತೋಶಿ ಮಾತ್ರ ಅತ್ತಿತ್ತ ಆಗಿದ್ದರೆ ಅದು ದಶಾಂಶದ ತೊಂದರೆ.

ಆ ದಶಾಂಶಕ್ಕೇ ಬರೋಣ, ನಿಮ್ಮ '1ಇ-05' ಅಲ್ಲಿಂದಲೇ ಬಂದದ್ದು. ಬಿಟ್‌ಕಾಯಿನ್ ಕೋರ್ ಮೊತ್ತವನ್ನು ಎಂಟು ದಶಾಂಶ ಸ್ಥಾನದಲ್ಲಿ ಕೊಡುತ್ತದೆ. ಪೈಥಾನ್ ಅದನ್ನು ಫ್ಲೋಟ್ ಆಗಿ, ಅಂದರೆ ಅಂದಾಜು ದಶಾಂಶ ಸಂಖ್ಯೆಯಾಗಿ, ಓದುತ್ತದೆ. ಚಿಕ್ಕ ಸಂಖ್ಯೆ ಬಂದಾಗ ಘಾತದ ರೂಪದಲ್ಲಿ ಬರೆಯುತ್ತದೆ. 1ಇ-05 ಅಂದರೆ 0.00001, ಅಂದರೆ 1,000 ಸತೋಶಿ. ಬರವಣಿಗೆ ಮಾತ್ರ ವಿಚಿತ್ರ ಇದ್ದಿದ್ದರೆ ಸಹಿಸಬಹುದಿತ್ತು. ಲೆಕ್ಕವೂ ತಪ್ಪುತ್ತದೆ. 0.29 ಬಿಟ್‌ಕಾಯಿನ್ ಅನ್ನು ಫ್ಲೋಟ್ ಆಗಿ ಓದಿ, ಹತ್ತು ಕೋಟಿಯಿಂದ ಗುಣಿಸಿ, ಪೂರ್ಣಾಂಕ ಮಾಡಿ ನೋಡಿ. 2,90,00,000 ಬರಬೇಕು. ಬರುವುದು 2,89,99,999. ಯಂತ್ರ ಎರಡರ ಲೆಕ್ಕದಲ್ಲಿ ಭಿನ್ನರಾಶಿ ಇಟ್ಟುಕೊಳ್ಳುವುದರಿಂದ 0.29 ಅದಕ್ಕೆ ನಿಖರವಾಗಿ ಹಿಡಿಯುವುದಿಲ್ಲ.

ಪರಿಹಾರ ಎರಡು ಹೆಜ್ಜೆ. ಬಿಟ್‌ಕಾಯಿನ್ ಕೋರ್ ಜೇಸನ್ ರೂಪದಲ್ಲಿ ಕೊಡುವ ಪಟ್ಟಿಯನ್ನು ಓದುವಾಗಲೇ 'ಪಾರ್ಸ್‌_ಫ್ಲೋಟ್' ಎಂಬ ಆಯ್ಕೆಗೆ, ದಶಾಂಶವನ್ನು ಇದ್ದ ಹಾಗೇ ಇಡುವ ಡೆಸಿಮಲ್ ಕೊಡಿ. ಆಮೇಲೆ ಹತ್ತು ಕೋಟಿಯಿಂದ ಗುಣಿಸಿ ಪೂರ್ಣಾಂಕ ಮಾಡಿ, ಶೀಟಿಗೆ ಸತೋಶಿಯನ್ನೇ ಬರೆಯಿರಿ. ಡೆಸಿಮಲ್ ಬಳಸಿದರೆ ಸಾಕು, ಸತೋಶಿ ಯಾಕೆ ಎಂದು ಕೇಳಬಹುದು. 100 ಸತೋಶಿಗಿಂತ ಕಡಿಮೆ ಇರುವ ಮೊತ್ತವನ್ನು ಡೆಸಿಮಲ್ ಕೂಡ ಘಾತದಲ್ಲೇ ಬರೆಯುತ್ತದೆ. ಪೂರ್ಣಾಂಕಕ್ಕೆ ಆ ಕಾಟವಿಲ್ಲ. ಸಿಎಗೆ ಬಿಟ್‌ಕಾಯಿನ್ ಲೆಕ್ಕದಲ್ಲೇ ಬೇಕಿದ್ದರೆ ಪಕ್ಕದ ಕಾಲಂನಲ್ಲಿ ಭಾಗಿಸಿ ತೋರಿಸಿ. ಕೂಡುವುದು ಮಾತ್ರ ಸತೋಶಿಯಲ್ಲೇ ಆಗಲಿ.

ಹತ್ತಂಕಿಯ ತಾರೀಖು ಯುನಿಕ್ಸ್ ಸಮಯ. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯಿತು ಎಂಬ ಲೆಕ್ಕ, ಅದೂ ಯುಟಿಸಿ ಎಂಬ ಜಾಗತಿಕ ಗಡಿಯಾರದಲ್ಲಿ. ನಮ್ಮ ಸಮಯಕ್ಕೆ ತರಲು ಐದೂವರೆ ಗಂಟೆ, ಅಂದರೆ 19,800 ಸೆಕೆಂಡ್ ಕೂಡಬೇಕು. ಬಂದದ್ದನ್ನು 86,400ರಿಂದ ಭಾಗಿಸಿ 25,569 ಕೂಡಿದರೆ ಎಕ್ಸೆಲ್‌ಗೂ ಲಿಬ್ರೆಆಫೀಸ್‌ಗೂ ಅರ್ಥವಾಗುವ ತಾರೀಖು ಸಿಗುತ್ತದೆ. ಐದೂವರೆ ಗಂಟೆ ಏನು ಮಹಾ ಅನ್ನಬೇಡಿ. 1743445800 ಎಂಬ ಸಂಖ್ಯೆ ಯುಟಿಸಿಯಲ್ಲಿ 2025ರ ಮಾರ್ಚ್ 31ರ ಸಂಜೆ ಆರೂವರೆ. ನಮಗೆ ಅದು ಏಪ್ರಿಲ್ 1ರ ಮಧ್ಯರಾತ್ರಿ, ಹೊಸ ಹಣಕಾಸು ವರ್ಷದ ಮೊದಲ ಕ್ಷಣ. ಕೂಡುವುದನ್ನು ಮರೆತರೆ ಒಂದು ಮಾರಾಟ ತಪ್ಪು ವರ್ಷದ ರಿಟರ್ನ್‌ಗೆ ಹೋಗಿ ಕೂರುತ್ತದೆ.

ಪಟ್ಟಿಯಲ್ಲಿ ಸಮಯದ ಕಾಲಂ ಒಂದಲ್ಲ, ಮೂರಿವೆ: 'ಟೈಮ್', 'ಟೈಮ್‌ರಿಸೀವ್ಡ್', 'ಬ್ಲಾಕ್‌ಟೈಮ್'. ನಾನು ಬ್ಲಾಕ್‌ಟೈಮ್ ತೆಗೆದುಕೊಳ್ಳುತ್ತೇನೆ. ಎಂದಾದರೂ ಎಸ್‌ಡಿ ಕಾರ್ಡ್ ಕೆಟ್ಟು ವಾಲೆಟ್ಟನ್ನು ಮತ್ತೆ ಕಟ್ಟಿ ಹಳೆಯ ಬ್ಲಾಕ್‌ಗಳನ್ನು ಮತ್ತೆ ಓದಿಸಿದ್ದರೆ, ಟೈಮ್‌ರಿಸೀವ್ಡ್ ಹಾಗೆ ಮತ್ತೆ ಓದಿಸಿದ ದಿನದ ತಾರೀಖನ್ನೇ ತೋರಿಸುತ್ತದೆ. ಬ್ಲಾಕ್‌ಟೈಮ್ ಯಾರು ಯಾವಾಗ ನೋಡಿದರೂ ಒಂದೇ.

ಕನ್ನಡ ಲೇಬಲ್ ಸರಿಯಾಗುವುದು ಒಂದೇ ಪದದಲ್ಲಿ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಬದಲು 'ಯುಟಿಎಫ್-8-ಸಿಗ್' ಎಂದು ಕೊಡಿ. ಫೈಲಿನ ಆರಂಭದಲ್ಲಿ ಒಂದು ಸಣ್ಣ ಗುರುತು ಸೇರುತ್ತದೆ. ಅದನ್ನು ನೋಡಿದರೆ ಎಕ್ಸೆಲ್ ಕನ್ನಡವನ್ನು ಕನ್ನಡವಾಗಿಯೇ ಓದುತ್ತದೆ. ತೊಂದರೆ ತಪ್ಪಿಸಲು ಲೇಬಲ್‌ಗಳನ್ನೇ ಇಂಗ್ಲಿಷಿಗೆ ಬದಲಾಯಿಸುವವರನ್ನು ನೋಡಿದ್ದೇನೆ. ಅದು ಬೇಡ. ನಿಮಗೆ ಐದು ವರ್ಷದ ಮೇಲೂ ಅರ್ಥವಾಗುವ ಹಾಗೆ, ನಿಮ್ಮ ಮಾತಿನಲ್ಲೇ ಬರೆದಿಡಿ. ಸಾಲು ಬರೆಯಲು ಸಿಎಸ್‌ವಿ ಲೈಬ್ರರಿಯನ್ನೇ ಬಳಸಿ. ಲೇಬಲ್‌ನಲ್ಲಿ ಅಲ್ಪವಿರಾಮ ಬಂದರೂ ಕಾಲಂ ಒಡೆಯುವುದಿಲ್ಲ.

ಕೆಲವರು ವಾಲೆಟ್ ಬಿಟ್ಟು, ಯಾವ ವಿಳಾಸದ ವ್ಯವಹಾರವನ್ನಾದರೂ ತೋರಿಸುವ ಬ್ಲಾಕ್ ಎಕ್ಸ್‌ಪ್ಲೋರರ್ ಸೈಟ್‌ಗಳಲ್ಲಿ ವಿಳಾಸ ಹಾಕಿ ಲೆಕ್ಕ ತೆಗೆಯುತ್ತಾರೆ. ಅಲ್ಲಿ ಚಿಲ್ಲರೆಯ ಗೊಂದಲ ಇದೆ. ನಿಮ್ಮ ಬಳಿ 50,00,000 ಸತೋಶಿಯ ಒಂದು ತುಂಡು ಇದೆ, 5,00,000 ಕೊಡಬೇಕು ಅನ್ನಿ. ತುಂಡು ಪೂರ್ತಿ ಹೋಗುತ್ತದೆ, ಉಳಿದದ್ದು ಚಿಲ್ಲರೆಯಾಗಿ ನಿಮ್ಮದೇ ಹೊಸ ವಿಳಾಸಕ್ಕೆ ವಾಪಸ್ ಬರುತ್ತದೆ. ಹೊರಗಿನವರಿಗೆ ಆ ಹೊಸ ವಿಳಾಸ ನಿಮ್ಮದೆಂದು ಗೊತ್ತಿಲ್ಲ. ವಾಲೆಟ್‌ಗೆ ಗೊತ್ತು, ಅದಕ್ಕೇ ಅದು ಚಿಲ್ಲರೆಯನ್ನು ಪಟ್ಟಿಗೆ ಸೇರಿಸುವುದಿಲ್ಲ. ಜೊತೆಗೆ, ನಿಮ್ಮ ವಿಳಾಸಗಳನ್ನೆಲ್ಲ ಒಂದು ಸೈಟಿಗೆ ಹಾಕಿದರೆ ಅವೆಲ್ಲ ಒಬ್ಬರವೇ ಎಂದು ನೀವೇ ಹೇಳಿದಂತೆ. ಸ್ವಂತ ನೋಡ್ ಇಟ್ಟುಕೊಂಡವರು ಆ ತಪ್ಪು ಮಾಡಬಾರದು.

ಇಷ್ಟಾದರೆ ತಾಳೆ ಆಗುವ ಶೀಟು ನಿಮ್ಮ ಕೈಯಲ್ಲಿರುತ್ತದೆ. ಆದರೆ ಸಿಎಗೆ ಬೇಕಾದ ಶೀಟು ಇದಲ್ಲ. ಯಾವ ಸಾಲು ಏನು ಎಂದು ವಾಲೆಟ್‌ಗೆ ಗೊತ್ತಿಲ್ಲ. ಕಳಿಸಿದ್ದು ಅಂದಷ್ಟೇ ಗೊತ್ತು. ಅದು ಮಾರಾಟವೋ, ಯಾರಿಗೋ ಕೊಟ್ಟ ಸಂಬಳವೋ, ನಿಮ್ಮದೇ ಫೋನಿನ ವಾಲೆಟ್‌ಗೆ ಸಾಗಿಸಿದ್ದೋ, ಅದು ನಿಮಗೇ ಗೊತ್ತು. 2022ರ ಹಣಕಾಸು ಕಾಯ್ದೆ ಬಂದ ಮೇಲೆ ಈ ಗುರುತಿಗೆ ಬೆಲೆ ಜಾಸ್ತಿ. 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿಯ, ಅಂದರೆ ಬಿಟ್‌ಕಾಯಿನ್‌ನಂಥವುಗಳ, ಲಾಭಕ್ಕೆ 30% ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಒಂದು ಕಾಯಿನ್ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ನಿಮ್ಮ ಒಂದು ವಾಲೆಟ್‌ನಿಂದ ನಿಮ್ಮದೇ ಇನ್ನೊಂದಕ್ಕೆ ಸಾಗಿಸಿದ್ದು ಮಾತ್ರ ಮಾರಾಟವಲ್ಲ. ಅಂಥ ಸಾಲಿಗೆ 'ಸ್ವಂತ ವರ್ಗಾವಣೆ' ಎಂದು ಬರೆಯದೆ ಬಿಟ್ಟರೆ ಸಿಎ ಅದನ್ನು ಮಾರಾಟ ಎಂದು ಓದುವ ಸಾಧ್ಯತೆ ಇದೆ. ಆಗ ಇಲ್ಲದ ಲಾಭಕ್ಕೆ ನಿಜವಾದ ತೆರಿಗೆ ಕಟ್ಟುತ್ತೀರಿ.

ಆದ್ದರಿಂದ ಕೈಯಿಂದ ತುಂಬುವ ಮೂರು ಕಾಲಂ ಇಡಿ: ಉದ್ದೇಶ, ಆ ದಿನದ ರೂಪಾಯಿ ಮೊತ್ತ, ಆ ಮೊತ್ತಕ್ಕೆ ಆಧಾರ. ರಿಟರ್ನ್‌ನಲ್ಲಿ ಈ ಆಸ್ತಿಗೆಂದೇ ಇರುವ ಪಟ್ಟಿ ಪ್ರತಿ ಮಾರಾಟಕ್ಕೂ ಕೊಂಡ ತಾರೀಖು, ಮಾರಿದ ತಾರೀಖು, ಕೊಂಡ ಬೆಲೆ, ಬಂದ ಹಣ ಕೇಳುತ್ತದೆ. ರೂಪಾಯಿ ಅಂಕಿಗೆ ನೆಟ್‌ನ ದರಪಟ್ಟಿಗಿಂತ ನಿಮ್ಮ ಬ್ಯಾಂಕ್ ಪಾಸ್‌ಬುಕ್, ಯುಪಿಐ ದಾಖಲೆ, ಎಕ್ಸ್‌ಚೇಂಜ್‌ನ ರಸೀದಿ ಗಟ್ಟಿ. 2022ರ ಜುಲೈ 1ರಿಂದ ಮಾರಾಟದ ಮೇಲೆ 1% ಟಿಡಿಎಸ್ ಕಡಿತ ಶುರುವಾಗಿದೆ. ಕಡಿತವಾದದ್ದು ನಿಮ್ಮ 26ಎಎಸ್ ಫಾರಂನಲ್ಲಿ ಕಾಣುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಮಾರಾಟದ ಸಾಲುಗಳಿಗೆ ಗುರುತು ಹಾಕುತ್ತಾ ಹೋಗಿ. ಯಾವ ಕೊಳ್ಳುವಿಕೆಯನ್ನು ಯಾವ ಮಾರಾಟಕ್ಕೆ ಹೊಂದಿಸಬೇಕು ಎಂಬುದನ್ನು ಸಿಎ ಜೊತೆ ಕೂತು ತೀರ್ಮಾನಿಸಿ. ಒಮ್ಮೆ ತೀರ್ಮಾನಿಸಿದರೆ ವರ್ಷ ವರ್ಷ ಬದಲಾಯಿಸಬೇಡಿ. ನೆಟ್‌ವರ್ಕ್ ಶುಲ್ಕ ತೆರಿಗೆಯಲ್ಲಿ ಕಳೆಯಲು ಬಾರದಿದ್ದರೂ ಶೀಟಿನಲ್ಲಿ ಇರಲೇಬೇಕು. ಅದಿಲ್ಲದೆ ತಾಳೆ ಆಗುವುದಿಲ್ಲ.

ಕೈಯಿಂದ ತುಂಬಿದ್ದನ್ನು ಸ್ಕ್ರಿಪ್ಟ್ ಬರೆಯುವ ಫೈಲಿನಲ್ಲೇ ಇಡಬೇಡಿ. ಮುಂದಿನ ಸಲ ಓಡಿಸಿದ ಕೂಡಲೇ ಎಲ್ಲ ಅಳಿಸಿಹೋಗುತ್ತದೆ. ಒಂದು ಶೀಟು ಸ್ಕ್ರಿಪ್ಟಿಗೆ, ಅದನ್ನು ನೀವು ಮುಟ್ಟಬಾರದು. ಇನ್ನೊಂದು ನಿಮ್ಮ ಟಿಪ್ಪಣಿಗೆ. ಎರಡನ್ನೂ ಟಿಎಕ್ಸ್‌ಐಡಿ, ಔಟ್‌ಪುಟ್ ಸಂಖ್ಯೆ (ಆ ವ್ಯವಹಾರದೊಳಗೆ ಯಾವ ಪಾವತಿ ಎಂಬ ಕ್ರಮಾಂಕ), ಸಾಲಿನ ಬಗೆ ಮೂರೂ ಸೇರಿಸಿದ ಒಂದು ಗುರುತಿನಿಂದ ಎಕ್ಸೆಲ್‌ನ ವಿಲುಕಪ್ ಸೂತ್ರ ಬಳಸಿ ಜೋಡಿಸಿ. ಬರೀ ಟಿಎಕ್ಸ್‌ಐಡಿ ಸಾಲದು, ಒಂದು ವ್ಯವಹಾರಕ್ಕೆ ಹಲವು ಸಾಲು ಇರುತ್ತವಲ್ಲ. ಪ್ರತಿ ಸಲವೂ ಪೂರ್ತಿ ಪಟ್ಟಿಯನ್ನೇ ಇಳಿಸಿ, ಹೊಸದನ್ನು ಮಾತ್ರ ಸೇರಿಸುವ ಜಾಣತನ ಬೇಡ. ಮುನ್ನೂರು ಸಾಲಿಗೆ ಪೈ ಸುಸ್ತಾಗುವುದಿಲ್ಲ. ಪೂರ್ತಿ ಇಳಿಸಿದರೆ ಪೂರ್ತಿ ತಾಳೆ ನೋಡಬಹುದು.

ಈ ಫೈಲಿನಲ್ಲಿ ಕೀ ಇಲ್ಲ, ಹಣ ಕದಿಯಲಾಗದು ನಿಜ. ಆದರೆ ನಿಮ್ಮ ಬಳಿ ಎಷ್ಟಿದೆ, ಯಾವ ವಿಳಾಸದಲ್ಲಿದೆ ಎಂಬುದೆಲ್ಲ ಇದೆ. ಡೌನ್‌ಲೋಡ್ಸ್‌ನಲ್ಲಿ ಬಿಟ್ಟುಬಿಡಬೇಡಿ. ಸಿಎಗೆ ಆ ವರ್ಷದ ಸಾಲು ಮತ್ತು ಅದಕ್ಕೆ ಬೇಕಾದ ಹಳೆಯ ಕೊಳ್ಳುವಿಕೆಗಳನ್ನು ಮಾತ್ರ, ಪಾಸ್‌ವರ್ಡ್ ಹಾಕಿ ಕೊಡಿ.

ತಂಗಿಯ ಈಥರ್‌ಗೆ ಈ ಸ್ಕ್ರಿಪ್ಟ್ ಆಗುವುದಿಲ್ಲ. ಅಲ್ಲಿ ವಿಳಾಸವೇ ಬ್ಯಾಂಕ್ ಖಾತೆ ಇದ್ದ ಹಾಗೆ, ತುಂಡು ಚಿಲ್ಲರೆ ಇಲ್ಲ. ಆದರೆ ಒಂದು ವಿಳಾಸದ ಹಳೆಯ ವ್ಯವಹಾರ ಕೊಡಿ ಎಂದರೆ ಸಾಮಾನ್ಯ ನೋಡ್ ಕೊಡುವುದಿಲ್ಲ. ಈಥರ್‌ಸ್ಕ್ಯಾನ್‌ನಂಥ ಪಟ್ಟಿ ಮಾಡಿಟ್ಟವರನ್ನು ಕೇಳಬೇಕು. ಅವರೂ ಮೂರು ಪಟ್ಟಿ ಕೊಡುತ್ತಾರೆ: ಸಾಮಾನ್ಯ ವ್ಯವಹಾರ, ಕಾಂಟ್ರಾಕ್ಟ್ ಎಂಬ ಪ್ರೋಗ್ರಾಂಗಳ ಒಳಗಿನ ವರ್ಗಾವಣೆ, ಟೋಕನ್. ಈಥರ್ ಲೆಕ್ಕಕ್ಕೆ ಮೊದಲ ಎರಡೂ ಬೇಕು. ಒಂದನ್ನು ಬಿಟ್ಟರೂ ತಾಳೆ ಆಗದು. ಮೊತ್ತ ವೇ ಎಂಬ ಅತಿ ಸಣ್ಣ ಅಳತೆಯಲ್ಲಿರುತ್ತದೆ, ಒಂದು ಈಥರ್‌ಗೆ ಒಂದರ ಮುಂದೆ ಹದಿನೆಂಟು ಸೊನ್ನೆ. ಎಕ್ಸೆಲ್ ಹದಿನೈದು ಅಂಕಿ ಮಾತ್ರ ನೆನಪಿಟ್ಟುಕೊಂಡು ಉಳಿದ ಜಾಗಕ್ಕೆ ಸೊನ್ನೆ ಹಾಕುತ್ತದೆ. ಹಾಗಾಗಿ ಅವಳ ತಾಳೆಯನ್ನು ಪೈಥಾನ್‌ನಲ್ಲೇ ಮುಗಿಸಿ, ಶೀಟಿಗೆ ವೇಯನ್ನು ಪಠ್ಯವಾಗಿ ಬರೆಯಿರಿ. ವಿಫಲವಾದ ವ್ಯವಹಾರದಲ್ಲಿ ಮೊತ್ತ ಹೋಗುವುದಿಲ್ಲ, ಗ್ಯಾಸ್, ಅಂದರೆ ಅಲ್ಲಿನ ನೆಟ್‌ವರ್ಕ್ ಶುಲ್ಕ, ಹೋಗುತ್ತದೆ. ಬಂದ ವ್ಯವಹಾರದ ಸಾಲಿನಲ್ಲೂ ಗ್ಯಾಸ್ ಬರೆದಿರುತ್ತದೆ. ಅದು ಕಳಿಸಿದವರು ಕೊಟ್ಟದ್ದು, ಅವಳ ಲೆಕ್ಕದಿಂದ ಕಳೆಯಬೇಡಿ.